ಉನ್ನತ ಶಿಕ್ಷಣದ ಅಂತರರಾಷ್ಟ್ರೀಯ ಒಪ್ಪಂದಗಳು: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಹೊರದೇಶಕ್ಕೆ ಓದಲು ಹೊರಟವರ ಕಾಗದಪತ್ರಗಳನ್ನು ನೋಡಿಕೊಡುತ್ತಾ ಬಂದಿದ್ದೇನೆ. ವಿದ್ಯಾರ್ಥಿಗಳು, ಅವರ ತಂದೆತಾಯಿ, ಕೆಲವೊಮ್ಮೆ ಸಹೋದ್ಯೋಗಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಸಂಬಂಧಪಟ್ಟ ಇಲಾಖೆಯ ಅಥವಾ ವಿಶ್ವವಿದ್ಯಾಲಯದ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

ದೇಶ ದೇಶಗಳು ಮಾಡಿಕೊಳ್ಳುವ ಒಪ್ಪಂದಕ್ಕೂ ನಮ್ಮೂರಿನ ಡಿಗ್ರಿಗೂ ಏನು ಸಂಬಂಧ?

ನೇರ ಸಂಬಂಧವಿದೆ. ಪದವಿ ಕೊಡುವುದು ಒಂದು ವಿಶ್ವವಿದ್ಯಾಲಯ. ಅದನ್ನು ಒಪ್ಪಬೇಕಾದವರು ಇನ್ನೊಂದು ವಿಶ್ವವಿದ್ಯಾಲಯದವರು, ಇನ್ನೊಂದು ಸರ್ಕಾರದವರು. ಇಬ್ಬರ ನಡುವೆ ತಿಳಿವಳಿಕೆ ಇಲ್ಲದಿದ್ದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಪದವಿಯ ಬೆಲೆಯನ್ನು ತಾನೇ ವಾದಿಸಿ ಸಾಬೀತುಪಡಿಸಬೇಕಾಗುತ್ತದೆ.

ನಮ್ಮ ಭಾಗದ ಹಿರಿಯರಿಗೆ ಇದು ಹೊಸದಲ್ಲ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಆಗ ಅದೇ ಜಿಲ್ಲೆಯೊಳಗಿದ್ದ ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ತುಂಗಭದ್ರೆಯ ಈಚೆ ದಡದವರು ಮದ್ರಾಸಿನ ಕಡೆ, ಆಚೆ ದಡದವರು ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆ ಮುಖ ಮಾಡಿದ್ದ ಕಾಲವದು. ಒಂದು ವಿಶ್ವವಿದ್ಯಾಲಯದ ಪದವಿಯನ್ನು ಇನ್ನೊಂದು ಒಪ್ಪಬೇಕಲ್ಲ, ಅದಕ್ಕಾಗಿ 1924ರಲ್ಲಿ ಶಿಮ್ಲಾದಲ್ಲಿ ಕುಲಪತಿಗಳು ಸಭೆ ಸೇರಿದರು. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಹುಟ್ಟಿತು. ಅದೇ ಇಂದಿನ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಅಂದು ಪ್ರಾಂತ್ಯಗಳ ನಡುವೆ ಆದ ಕೆಲಸವೇ ಇಂದು ದೇಶಗಳ ನಡುವೆ ನಡೆಯುತ್ತಿದೆ.

ಇಂಥ ಒಪ್ಪಂದಗಳನ್ನು ಮಾಡುವವರು ಯಾರು? ವಿಶ್ವಸಂಸ್ಥೆಯೇ?

ಜಗತ್ತಿನ ಮಟ್ಟದಲ್ಲಿ ಮುಂದಾಳತ್ವ ವಿಶ್ವಸಂಸ್ಥೆಯ ಶಿಕ್ಷಣ, ವಿಜ್ಞಾನ, ಸಂಸ್ಕೃತಿ ಸಂಸ್ಥೆಯಾದ ಯುನೆಸ್ಕೋದ್ದು. ಮೊದಲು ಪ್ರಾದೇಶಿಕ ಒಪ್ಪಂದಗಳಾದವು. ಯುರೋಪಿಗೆ 1997ರ ಲಿಸ್ಬನ್ ಒಪ್ಪಂದ, ಏಷ್ಯಾ ಪೆಸಿಫಿಕ್ ಭಾಗಕ್ಕೆ 1983ರ ಬ್ಯಾಂಕಾಕ್ ಒಪ್ಪಂದ, ಅದರ ನಂತರ 2011ರ ಟೋಕಿಯೊ ಒಪ್ಪಂದ. ಇಡೀ ಜಗತ್ತಿಗೆ ಅನ್ವಯಿಸುವ ಜಾಗತಿಕ ಒಪ್ಪಂದವನ್ನು ಯುನೆಸ್ಕೋ ಮಹಾಧಿವೇಶನ 2019ರ ನವೆಂಬರ್‌ನಲ್ಲಿ ಅಂಗೀಕರಿಸಿತು. ಇಪ್ಪತ್ತು ದೇಶಗಳು ಅನುಮೋದಿಸಿದ ಬಳಿಕ 2023ರ ಮಾರ್ಚ್ 5ರಂದು ಅದು ಜಾರಿಗೆ ಬಂದಿತು.

ಈ ಒಪ್ಪಂದಗಳ ತಿರುಳನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು. ಹೊರಗಿನ ಪದವಿಯನ್ನು ಕಣ್ಣುಮುಚ್ಚಿ ಒಪ್ಪಬೇಕು ಎಂದು ಅವು ಹೇಳುವುದಿಲ್ಲ. ಪದವಿಯನ್ನು ನ್ಯಾಯವಾಗಿ, ಪಾರದರ್ಶಕವಾಗಿ, ಸಕಾಲದಲ್ಲಿ ಪರಿಶೀಲಿಸಬೇಕು. ನಿರಾಕರಿಸುವುದಾದರೆ ಎರಡು ಪದವಿಗಳ ನಡುವೆ ಗಣನೀಯ ವ್ಯತ್ಯಾಸವಿದೆ ಎಂದು ತೋರಿಸಬೇಕು. ಮೇಲ್ಮನವಿಗೆ ಅವಕಾಶ ಕೊಡಬೇಕು ಎಂದು ಹೇಳುತ್ತವೆ. ವ್ಯತ್ಯಾಸವಿದೆ ಎಂದು ತೋರಿಸುವ ಹೊಣೆ ನಿರಾಕರಿಸುವವರದು. ಬಡವರ ಮನೆಯಿಂದ ಬಂದ, ಪರವಾಗಿ ಮಾತಾಡುವವರಿಲ್ಲದ ವಿದ್ಯಾರ್ಥಿಗೆ ಇದು ಬಹಳ ದೊಡ್ಡ ಮಾತು.

ಬೊಲೋನಾ ಎಂದು ಉಪನ್ಯಾಸಕರು ಹೇಳುತ್ತಿರುತ್ತಾರೆ. ಅದೇನು?

ಇಟಲಿಯ ಬೊಲೋನಾ ನಗರದಲ್ಲಿ 1999ರ ಜೂನ್ 19ರಂದು ಯುರೋಪಿನ 29 ದೇಶಗಳ ಶಿಕ್ಷಣ ಸಚಿವರು ಒಂದು ಘೋಷಣೆಗೆ ಸಹಿ ಹಾಕಿದರು. ಹಿಂದಿನ ವರ್ಷ ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಫ್ರಾನ್ಸ್, ಜರ್ಮನಿ, ಇಟಲಿ, ಬ್ರಿಟನ್ ಇದಕ್ಕೆ ನಾಂದಿ ಹಾಡಿದ್ದವು. ಪದವಿ, ಸ್ನಾತಕೋತ್ತರ, ಡಾಕ್ಟರೇಟ್ ಎಂಬ ಹಂತಗಳು ಎಲ್ಲ ಕಡೆ ಒಂದೇ ಬಗೆಯಲ್ಲಿರಬೇಕು. ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್ ಎಂಬ ಸಮಾನ ಅಳತೆ ಇರಬೇಕು. ಗುಣಮಟ್ಟದ ಪರಿಶೀಲನೆಯನ್ನು ಪರಸ್ಪರ ನಂಬುವಂತಿರಬೇಕು ಎಂಬುದು ಅದರ ಉದ್ದೇಶ. 2010ರಲ್ಲಿ ಯುರೋಪಿಯನ್ ಉನ್ನತ ಶಿಕ್ಷಣ ವಲಯ ಅಸ್ತಿತ್ವಕ್ಕೆ ಬಂದಿತು. ಈಗ ಅದರಲ್ಲಿ 49 ದೇಶಗಳಿವೆ. ಉಕ್ರೇನ್ ಯುದ್ಧದ ನಂತರ ರಷ್ಯಾ ಮತ್ತು ಬೆಲಾರುಸ್‌ನ ಪ್ರತಿನಿಧಿತ್ವವನ್ನು 2022ರಲ್ಲಿ ಅಮಾನತಿನಲ್ಲಿಡಲಾಯಿತು.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಡಿಪ್ಲೊಮಾ ಸಪ್ಲಿಮೆಂಟ್ ಎಂಬ ಕೆಲವೇ ಪುಟಗಳ ದಾಖಲೆ. ಪದವಿ ಯಾವ ಮಟ್ಟದ್ದು, ಎಷ್ಟು ವರ್ಷದ್ದು, ಏನೇನು ಓದಿಸಲಾಯಿತು, ಅಂಕ ಕೊಡುವ ಕ್ರಮವೇನು, ಆ ದೇಶದ ಶಿಕ್ಷಣ ವ್ಯವಸ್ಥೆ ಹೇಗಿದೆ ಎಂಬುದೆಲ್ಲ ಅದರಲ್ಲಿರುತ್ತದೆ. 2005ರಿಂದ ಪದವಿ ಪಡೆಯುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಅದನ್ನು ಕೇಳದೆಯೇ, ಶುಲ್ಕವಿಲ್ಲದೆ, ಹೆಚ್ಚು ಬಳಕೆಯಲ್ಲಿರುವ ಯುರೋಪಿನ ಭಾಷೆಯೊಂದರಲ್ಲಿ ಕೊಡಬೇಕೆಂದು ಸಚಿವರು 2003ರಲ್ಲಿ ಬರ್ಲಿನ್‌ನಲ್ಲಿ ಒಪ್ಪಿಕೊಂಡರು. ಇಂಥದೊಂದನ್ನು ನಮ್ಮ ಮೂರು ಜಿಲ್ಲೆಗಳ ವಿಶ್ವವಿದ್ಯಾಲಯಗಳೂ ಘಟಿಕೋತ್ಸವ ಪ್ರಮಾಣಪತ್ರದ ಜೊತೆಗೆ ಕೊಡಬಹುದು. ಅದಕ್ಕೆ ವಿದೇಶ ಪ್ರವಾಸ ಬೇಡ, ಕೋಟಿಗಳ ಅನುದಾನ ಬೇಡ. ಕೊಡಬೇಕು ಎಂಬ ಮನಸ್ಸು ಬೇಕು.

ಕರ್ನಾಟಕದಲ್ಲಿ ಈಗ ಮತ್ತೆ ಮೂರು ವರ್ಷದ ಪದವಿ. ಹೊರದೇಶದಲ್ಲಿ ಎಂ.ಎಸ್ಸಿ., ಎಂ.ಎ. ಸೇರಲು ತೊಂದರೆಯಾಗುತ್ತದೆಯೇ?

ಅತಿ ಹೆಚ್ಚು ಆತಂಕ ಕಾಣುವುದು ಈ ಪ್ರಶ್ನೆಯಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ತಂದಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ತಂಡಗಳ ವಿದ್ಯಾರ್ಥಿಗಳಿಗೆ ನಾಲ್ಕನೇ ವರ್ಷ ಓದುವ ಅವಕಾಶವನ್ನು ಉಳಿಸಲಾಯಿತು. ಹೀಗಾಗಿ ಒಂದೇ ಮನೆಯಲ್ಲಿ ಅಕ್ಕನದು ಒಂದು ಪದ್ಧತಿ, ತಮ್ಮನದು ಇನ್ನೊಂದು.

ಉತ್ತರ ದೇಶದ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ ಪದವಿಯೇ ಸಾಮಾನ್ಯವಾಗಿ ಮೂರು ವರ್ಷದ್ದು. ಅಲ್ಲಿ ನಮ್ಮ ಮೂರು ವರ್ಷದ ಪದವಿ ಅಡ್ಡಿಯಾಗುವುದಿಲ್ಲ, ಅಂಕಗಳನ್ನು ನೋಡುತ್ತಾರೆ. ಯುರೋಪಿನಲ್ಲಿ ಮೂರು ವರ್ಷವೆಂದರೆ 180 ಕ್ರೆಡಿಟ್; ಆದರೆ ನೀವು ಸೇರಬಯಸುವ ವಿಷಯದಲ್ಲಿ ಇಷ್ಟು ಗಣಿತ, ಇಷ್ಟು ಸಂಖ್ಯಾಶಾಸ್ತ್ರ ಓದಿರಬೇಕೆಂದು ಪ್ರತ್ಯೇಕವಾಗಿ ಕೇಳುತ್ತಾರೆ, ಅಲ್ಲಿಯೇ ನಮ್ಮವರು ಎಡವುವುದು ಹೆಚ್ಚು. ಅಮೆರಿಕದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷದ ಶಿಕ್ಷಣ ಬಯಸುತ್ತವೆ. ಕೆಲವು ಮೂರು ವರ್ಷದ ಪದವಿಯನ್ನೂ ಒಪ್ಪುತ್ತವೆ, ಒಪ್ಪುವಾಗ ಕಾಲೇಜಿಗೆ ನ್ಯಾಕ್ (ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ) ಕೊಟ್ಟ ಶ್ರೇಣಿ ಕೇಳುವುದುಂಟು. ಅಮೆರಿಕದಲ್ಲಿ ಓದಲು ಕೊಡುವ ಫುಲ್‌ಬ್ರೈಟ್ ನೆಹರು ಸ್ನಾತಕೋತ್ತರ ವಿದ್ಯಾರ್ಥಿವೇತನದ ನಿಯಮವೇ ನಾಲ್ಕು ವರ್ಷದ ಪದವಿಗೆ ಸಮನಾದದ್ದು ಬೇಕು ಎನ್ನುತ್ತದೆ. ಮೂರು ವರ್ಷದವರಾದರೆ ಸ್ನಾತಕೋತ್ತರ ಪದವಿಯೋ ಪೂರ್ಣಾವಧಿ ಸ್ನಾತಕೋತ್ತರ ಡಿಪ್ಲೊಮಾವೋ ಆಗಿರಬೇಕು.

ನನ್ನ ಸಲಹೆ ಇಷ್ಟು. ಅಮೆರಿಕವೇ ಗುರಿಯಾಗಿದ್ದರೆ ಮೂರು ವರ್ಷದ ಪದವಿಯ ನಂತರ ಇಲ್ಲಿಯೇ ಎಂ.ಎಸ್ಸಿ. ಮುಗಿಸಿ ಹೋಗುವುದು ಒಳ್ಳೆಯದು. ಖರ್ಚು ಕಡಿಮೆ, ವಿಷಯ ಗಟ್ಟಿಯಾಗುತ್ತದೆ, ಹದಿನೇಳು ವರ್ಷದ ಶಿಕ್ಷಣ ಕೈಯಲ್ಲಿರುತ್ತದೆ. ಅರ್ಜಿಯ ಜೊತೆ, ನಿಮ್ಮ ತಂಡಕ್ಕೆ ಯಾವ ನೀತಿ ಅನ್ವಯಿಸಿತ್ತು ಎಂಬುದನ್ನು ತಿಳಿಸುವ ಪತ್ರವನ್ನು ಪ್ರಾಂಶುಪಾಲರಿಂದ ಪಡೆದು ಲಗತ್ತಿಸಿ. ಹೊರದೇಶದ ಪ್ರವೇಶ ಕಚೇರಿಯವರಿಗೆ ಕರ್ನಾಟಕದ ಈ ಏರಿಳಿತ ತಿಳಿದಿರುವುದಿಲ್ಲ.

ಕ್ರೆಡಿಟ್ ಬ್ಯಾಂಕ್ ಖಾತೆ ಮಾಡಿಸಿದ್ದೇವೆ. ಆ ಕ್ರೆಡಿಟ್ ಹೊರದೇಶದಲ್ಲಿ ನಡೆಯುತ್ತದೆಯೇ?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ದೇಶದೊಳಗಿನ ವ್ಯವಸ್ಥೆ. ಯುರೋಪಿನಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಒಟ್ಟು ದುಡಿಮೆ, ಅಂದರೆ ತರಗತಿ, ಮನೆಯ ಓದು, ಪ್ರಯೋಗಾಲಯ, ಪರೀಕ್ಷೆಯ ತಯಾರಿ ಎಲ್ಲವೂ ಸೇರಿ. ನಮ್ಮಲ್ಲಿ ಕ್ರೆಡಿಟ್ಟನ್ನು ವಾರದ ತರಗತಿ ಗಂಟೆಗಳಿಂದ ಎಣಿಸುವ ರೂಢಿ. ಆದ್ದರಿಂದ ಒಂದಕ್ಕೆ ಒಂದು ಎಂದು ಲೆಕ್ಕ ಹಾಕಬೇಡಿ. ನಿಮ್ಮ ಅಂಕಪಟ್ಟಿಯನ್ನು ಅವರು ತಮ್ಮ ಅಳತೆಗೆ ಪರಿವರ್ತಿಸಿಕೊಳ್ಳುತ್ತಾರೆ.

ಭಾರತ ಯಾವ ಯಾವ ದೇಶಗಳ ಜೊತೆ ಪದವಿ ಮಾನ್ಯತೆಯ ಒಪ್ಪಂದ ಮಾಡಿಕೊಂಡಿದೆ?

ಫ್ರಾನ್ಸ್ ಜೊತೆ 2018ರ ಮಾರ್ಚ್‌ನಲ್ಲಿ, ಬ್ರಿಟನ್ ಜೊತೆ 2022ರ ಜುಲೈನಲ್ಲಿ, ಆಸ್ಟ್ರೇಲಿಯಾ ಜೊತೆ 2023ರ ಮಾರ್ಚ್‌ನಲ್ಲಿ ಆದದ್ದು ಮುಖ್ಯವಾದವು. ಬ್ರಿಟನ್ ಒಪ್ಪಂದದಿಂದ ಅಲ್ಲಿಯ ಒಂದು ವರ್ಷದ ಸ್ನಾತಕೋತ್ತರ ಪದವಿಯನ್ನು ಇಲ್ಲಿ ಎರಡು ವರ್ಷದ ಪದವಿಯಂತೆ ಕಾಣುವ ದಾರಿಯಾಯಿತು. ಮೊದಲು ಲಂಡನ್ನಿನಲ್ಲಿ ಓದಿ ಬಂದವರೂ ಇಲ್ಲಿ ಸರ್ಕಾರಿ ನೌಕರಿಯ ಅರ್ಜಿ ಹಾಕುವಾಗ ಇದೇ ಕಾರಣಕ್ಕೆ ಪರದಾಡುತ್ತಿದ್ದರು.

ಎರಡು ಮಾತು ನೆನಪಿಡಿ. ಬ್ರಿಟನ್ ಒಪ್ಪಂದದಿಂದ ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ವಾಸ್ತುಶಿಲ್ಪ ಹೊರಗಿವೆ. ಮತ್ತು ಯಾವ ಮಾನ್ಯತೆ ಒಪ್ಪಂದವೂ ಪ್ರವೇಶವನ್ನಾಗಲೀ, ವೀಸಾವನ್ನಾಗಲೀ, ಕೆಲಸವನ್ನಾಗಲೀ ಕೊಡಿಸುವುದಿಲ್ಲ. "ಒಪ್ಪಂದ ಆಗಿದೆ, ಸೀಟು ಖಚಿತ" ಎನ್ನುವ ಏಜೆಂಟರನ್ನು ನಂಬಬೇಡಿ.

ಹೊರದೇಶದಲ್ಲಿ ಓದಿ ಬಂದರೆ ಆ ಪದವಿ ಇಲ್ಲಿ ನಡೆಯುತ್ತದೆಯೇ?

ಪ್ರಮಾಣಪತ್ರ ಬೇಕಾಗುತ್ತದೆ. ದಶಕಗಳ ಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘವೇ ತತ್ಸಮಾನ ಪ್ರಮಾಣಪತ್ರ ಕೊಡುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಯುಜಿಸಿ ಇದಕ್ಕೆ ತನ್ನದೇ ನಿಯಮಾವಳಿ ಹೊರಡಿಸಿತು. ಓದಿದ ಸಂಸ್ಥೆಗೆ ಅದರ ದೇಶದಲ್ಲಿ ಮಾನ್ಯತೆ ಇರಬೇಕು, ಕೋರ್ಸಿಗೆ ಸೇರುವ ಅರ್ಹತೆ ಇಲ್ಲಿಯದಕ್ಕೆ ಹೋಲುವಂತಿರಬೇಕು, ಬೇರೊಂದು ಸಂಸ್ಥೆ ಫ್ರಾಂಚೈಸಿ ಪಡೆದು ನಡೆಸಿದ ಕೋರ್ಸ್ ಆಗಿರಬಾರದು. ವೈದ್ಯಕೀಯ, ಕಾನೂನು, ನರ್ಸಿಂಗ್ ಮೊದಲಾದವು ಆಯಾ ಪರಿಷತ್ತುಗಳ ಕೈಯಲ್ಲೇ ಉಳಿದಿವೆ. ಹೋಗುವ ಮುಂಚೆಯೇ ಈ ನಿಯಮಗಳನ್ನು ಓದಿ. ಬಂದ ಮೇಲೆ ಓದಿದರೆ ಪ್ರಯೋಜನವಿಲ್ಲ.

ಮಗನನ್ನು ಎಂ.ಬಿ.ಬಿ.ಎಸ್. ಓದಲು ಹೊರಗೆ ಕಳಿಸಬೇಕೆಂದಿದ್ದೇವೆ. ಏನು ನೋಡಬೇಕು?

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯ ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆಯಿದು. ಜಮೀನು ಮಾರಿ ಕಳಿಸುವವರೂ ಇದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ಕೋರ್ಸಿನ ಅವಧಿ ಕನಿಷ್ಠ 54 ತಿಂಗಳು ಇರಬೇಕು. ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಓದಿದವನಿಗೆ ಆ ದೇಶದಲ್ಲಿಯೇ ವೈದ್ಯವೃತ್ತಿ ಮಾಡುವ ಅರ್ಹತೆ ದೊರೆಯುವಂತಿರಬೇಕು. ಬಂದ ಮೇಲೆ ಇಲ್ಲಿ ಪರವಾನಗಿ ಪರೀಕ್ಷೆ, ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಇವುಗಳಲ್ಲಿ ಒಂದು ತಪ್ಪಿದರೂ ಆರೇಳು ವರ್ಷದ ದುಡ್ಡು, ದುಡಿಮೆ ನೀರುಪಾಲಾಗುತ್ತದೆ. ನಿಯಮದಲ್ಲಿ ಏನಿದೆ ಎಂದು ಏಜೆಂಟರ ಬಾಯಲ್ಲಿ ಕೇಳಬೇಡಿ, ಆಯೋಗದ ಜಾಲತಾಣದಲ್ಲಿ ಓದಿಸಿಕೊಳ್ಳಿ.

ದೇಶಗಳ ನಡುವಿನ ಸಹಕಾರ ವಿದ್ಯಾರ್ಥಿಯ ಬದುಕನ್ನು ಹೇಗೆ ಮುಟ್ಟುತ್ತದೆ ಎಂಬುದು 2022ರಲ್ಲಿ ಕಣ್ಣೆದುರೇ ಕಂಡಿತು. ಉಕ್ರೇನ್ ಯುದ್ಧದಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡ. ಮರಳಿ ಬಂದ ಸಾವಿರಾರು ವಿದ್ಯಾರ್ಥಿಗಳ ಓದು ಅರ್ಧಕ್ಕೆ ನಿಂತಿತು. ಆ ಸೆಪ್ಟೆಂಬರ್‌ನಲ್ಲಿ ಆಯೋಗ, ಉಕ್ರೇನ್ ಸೂಚಿಸಿದ ಚಲನಶೀಲತಾ ಕಾರ್ಯಕ್ರಮಕ್ಕೆ ಆಕ್ಷೇಪವಿಲ್ಲವೆಂದು ಹೇಳಿದ ಮೇಲೆ, ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಿ ಮೂಲ ವಿಶ್ವವಿದ್ಯಾಲಯದ ಪದವಿಯನ್ನೇ ಪಡೆಯುವ ದಾರಿ ತೆರೆಯಿತು.

ಇಲ್ಲಿಯೇ ಎಂ.ಬಿ.ಬಿ.ಎಸ್. ಓದಿದವರು ಹೊರಗೆ ಹೋಗಬಹುದೇ?

ಹೋಗಬಹುದು. ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆ ಹತ್ತು ವರ್ಷಗಳಿಗೆ ದೊರೆಯಿತು. ಆಯಾ ದೇಶದ ಪರವಾನಗಿ ಪರೀಕ್ಷೆಯನ್ನು ಮಾತ್ರ ಬರೆಯಲೇಬೇಕು.

ಎಂಜಿನಿಯರಿಂಗ್ ಪದವಿಗೆ ವಾಷಿಂಗ್ಟನ್ ಒಪ್ಪಂದ ಸಾಕಲ್ಲವೇ?

ಎಲ್ಲರಿಗೂ ಅನ್ವಯಿಸುವುದಿಲ್ಲ. ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಗಳನ್ನು ಸದಸ್ಯ ದೇಶಗಳು ಪರಸ್ಪರ ಒಪ್ಪುವ 1989ರ ಈ ಒಪ್ಪಂದಕ್ಕೆ ಭಾರತದ ರಾಷ್ಟ್ರೀಯ ಮಾನ್ಯತಾ ಮಂಡಳಿ 2014ರ ಜೂನ್‌ನಲ್ಲಿ ಪೂರ್ಣ ಸದಸ್ಯನಾಯಿತು. ಆದರೆ ಮಂಡಳಿ ಮೊದಲ ಶ್ರೇಣಿಯೆಂದು ಮಾನ್ಯ ಮಾಡಿದ ಕೋರ್ಸುಗಳಿಗೆ ಮಾತ್ರ ಅದರ ಲಾಭ. ಸ್ವಾಯತ್ತತೆ ಇಲ್ಲದ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಧೀನದ ಸಂಯೋಜಿತ ಕಾಲೇಜುಗಳು ಎರಡನೇ ಶ್ರೇಣಿಯಲ್ಲಿ ಬರುತ್ತವೆ. ಮಾನ್ಯತೆ ಸಿಗುವುದು ಕಾಲೇಜಿಗಲ್ಲ, ಆಯಾ ವಿಭಾಗಕ್ಕೆ. ಅದೂ ನಿಗದಿತ ಅವಧಿಗೆ. ನಿಮ್ಮ ವಿಭಾಗ, ನಿಮ್ಮ ವರ್ಷ ಪಟ್ಟಿಯಲ್ಲಿದೆಯೇ ಎಂದು ಮಂಡಳಿಯ ಜಾಲತಾಣದಲ್ಲಿ ನೋಡಿ.

ನಮ್ಮ ವಿಶ್ವವಿದ್ಯಾಲಯ ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಡಂಬಡಿಕೆ ಮಾಡಿಕೊಂಡಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ನಮಗೇನು ಸಿಗುತ್ತದೆ?

ಆ ಒಡಂಬಡಿಕೆಯಲ್ಲಿ ಏನು ಬರೆದಿದೆ ಎಂಬುದನ್ನು ಕೇಳಿ. ವರ್ಷಕ್ಕೆ ಎಷ್ಟು ವಿದ್ಯಾರ್ಥಿಗಳು ಹೋಗಬಹುದು, ಖರ್ಚು ಯಾರದು, ಅಲ್ಲಿ ಓದಿದ್ದನ್ನು ಇಲ್ಲಿಯ ಅಂಕಪಟ್ಟಿಗೆ ಸೇರಿಸುತ್ತಾರೆಯೇ, ಹೊಣೆ ಹೊತ್ತ ಅಧ್ಯಾಪಕರು ಯಾರು, ಅವಧಿ ಯಾವಾಗ ಮುಗಿಯುತ್ತದೆ. ಈ ಐದಕ್ಕೆ ಉತ್ತರವಿದ್ದರೆ ಅದು ಜೀವಂತ ಒಪ್ಪಂದ. ಶಾಲು, ಹಾರ, ಛಾಯಾಚಿತ್ರದಲ್ಲಿ ಮುಗಿದುಹೋದ ಒಡಂಬಡಿಕೆಗಳನ್ನು ನೋಡಿ ನನಗೆ ನೋವಾಗಿದೆ, ಏಕೆಂದರೆ ಅವುಗಳ ಸುದ್ದಿ ಓದಿ ಆಸೆಯಿಂದ ಬಂದ ಮಕ್ಕಳಿಗೆ ಉತ್ತರ ಹೇಳಬೇಕಾದವರು ತರಗತಿಯಲ್ಲಿರುವ ನಾವು.

ಸಹಕಾರ ಎಂದರೆ ಹೇಗಿರಬೇಕು ಎಂಬುದಕ್ಕೆ ನಮ್ಮ ನೆಲದಲ್ಲೇ ಮಾದರಿಗಳಿವೆ. ಹಂಪಿಯಲ್ಲಿ ಹೊರದೇಶದ ವಿದ್ವಾಂಸರಾದ ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ 1980ರ ಸುಮಾರಿಗೆ ಆರಂಭಿಸಿದ ವಿಜಯನಗರ ಸಂಶೋಧನೆ ರಾಜ್ಯದ ಪುರಾತತ್ವ ಇಲಾಖೆಯ ಜೊತೆಗೂಡಿ ದಶಕಗಳ ಕಾಲ ನಡೆಯಿತು. ಬಳ್ಳಾರಿಗೆ ಅಂಟಿಕೊಂಡಿರುವ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೊರಿಶೆಟ್ಟರ್ ಅವರು ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿದ್ದ ನಿಕೋಲ್ ಬೊವಿನ್, ಡೋರಿಯನ್ ಫುಲ್ಲರ್ ಮೊದಲಾದವರ ಜೊತೆ ನಡೆಸಿದ ಕೆಲಸ ಇನ್ನೊಂದು. ಬೆಟ್ಟ ಹತ್ತಿ ನೋಡಿ: ನವಶಿಲಾಯುಗದ ಜನ ಕೊಡಲಿ ಮಸೆದು ಬಂಡೆಯಲ್ಲಿ ಉಳಿಸಿಹೋದ ನುಣುಪಾದ ತಗ್ಗುಗಳಿವೆ, ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊರಡಿಸುವ ಬಂಡೆಗಳಿವೆ. ಆ ಬಂಡೆಗಳ ಬಗ್ಗೆ ಜಗತ್ತಿನ ಪುರಾತತ್ವಜ್ಞರು ಓದಿದ್ದು ಈ ಜಂಟಿ ಸಂಶೋಧನೆಯಿಂದ. ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಇಲ್ಲಿ ಸಿಕ್ಕ ಪ್ರಾಗೈತಿಹಾಸಿಕ ಅವಶೇಷಗಳನ್ನು ಕಾಣಬಹುದು.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೂ ಇಂಥ ನೆರೆಯ ಅನುಕೂಲವಿದೆ. ತೊಗರಿ, ಕಡಲೆ, ಜೋಳ, ಸಜ್ಜೆ, ಶೇಂಗಾ ಇವೇ ಬೆಳೆಗಳ ಮೇಲೆ ಕೆಲಸ ಮಾಡುವ, 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಇರುವುದು ಹೈದರಾಬಾದಿನ ಪಟಾನ್‌ಚೆರುವಿನಲ್ಲಿ. ಸಮುದ್ರ ದಾಟದೆಯೇ ಜಗತ್ತಿನ ವಿಜ್ಞಾನಿಗಳ ಪ್ರಯೋಗಾಲಯ ನೋಡಬಹುದು.

ಅವಳಿ ಪದವಿ, ಜಂಟಿ ಪದವಿ ಎನ್ನುತ್ತಾರಲ್ಲ, ಅವು ನಮ್ಮಲ್ಲಿಗೆ ಬರುತ್ತವೆಯೇ?

ಯುಜಿಸಿಯ 2022ರ ನಿಯಮಾವಳಿಯಲ್ಲಿ ಮೂರು ಬಗೆಗಳಿವೆ. ಟ್ವಿನ್ನಿಂಗ್‌ನಲ್ಲಿ ಶೇ 30ರವರೆಗಿನ ಕ್ರೆಡಿಟ್ ಹೊರದೇಶದಲ್ಲಿ ಗಳಿಸಬಹುದು, ಪದವಿ ಭಾರತೀಯ ಸಂಸ್ಥೆಯದು. ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ ಶೇ 30 ಓದಬೇಕು, ಒಂದೇ ಪ್ರಮಾಣಪತ್ರದ ಮೇಲೆ ಎರಡೂ ಲಾಂಛನಗಳಿರುತ್ತವೆ. ಡ್ಯುಯಲ್ ಪದವಿಯಲ್ಲಿ ಎರಡು ಪದವಿಗಳು ಪ್ರತ್ಯೇಕವಾಗಿ ಬರುತ್ತವೆ, ಕನಿಷ್ಠ ಶೇ 30 ಭಾರತದಲ್ಲಿ ಓದಿರಬೇಕು. ಹೀಗೆ ಪಡೆದ ಪದವಿಗೆ ಮತ್ತೆ ತತ್ಸಮಾನ ಪ್ರಮಾಣಪತ್ರ ಬೇಕಿಲ್ಲ.

ಯುಜಿಸಿಯ ಅನುಮತಿಗೆ ಕಾಯದೆ ಇದನ್ನು ಆರಂಭಿಸಲು ನಮ್ಮ ಸಂಸ್ಥೆಗೆ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಇರಬೇಕು, ಇಲ್ಲವೇ ರಾಷ್ಟ್ರೀಯ ಶ್ರೇಯಾಂಕದ ವಿಶ್ವವಿದ್ಯಾಲಯ ಪಟ್ಟಿಯಲ್ಲಿ ಮೊದಲ ನೂರರೊಳಗೆ ಇರಬೇಕು. ನಿಜವಾದ ಅಡಚಣೆ ಇಲ್ಲಿದೆ. ಕೊಪ್ಪಳ, ರಾಯಚೂರಿನಂಥ ಹೊಸ ವಿಶ್ವವಿದ್ಯಾಲಯಗಳಿಗೆ ನ್ಯಾಕ್ ಎದುರು ಹೋಗುವಷ್ಟು ವಯಸ್ಸು, ಕಟ್ಟಡ, ಕಾಯಂ ಅಧ್ಯಾಪಕರು ಮೊದಲು ಬೇಕು. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುವ ವಿಭಾಗಕ್ಕೆ ವಿದೇಶಿ ಪಾಲುದಾರರು ಸಿಗುವುದು ಕಷ್ಟ. ಅಧ್ಯಾಪಕರ ನೇಮಕಾತಿಯೂ ಅಂತರರಾಷ್ಟ್ರೀಯ ಸಹಕಾರದ ವಿಷಯವೇ ಎಂದು ನಮ್ಮ ಜನಪ್ರತಿನಿಧಿಗಳಿಗೆ ಕೂಗಿ ಹೇಳಬೇಕಾಗಿದೆ.

ವಿದೇಶಿ ವಿಶ್ವವಿದ್ಯಾಲಯಗಳೇ ಬೆಂಗಳೂರಿಗೆ ಬರುತ್ತಿವೆಯಂತೆ. ಅಲ್ಲಿಗೆ ಸೇರಬಹುದಲ್ಲ?

ಸೇರಬಹುದು. 2023ರ ನವೆಂಬರ್‌ನ ಯುಜಿಸಿ ನಿಯಮದಡಿ ಗುರುಗ್ರಾಮದಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯ ತರಗತಿ ಆರಂಭಿಸಿದೆ. ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರಲ್ಲಿ ಅನುಮತಿ ಪತ್ರ ಸಿಕ್ಕಿತು. ಆದರೆ ಶುಲ್ಕವನ್ನೂ ಪ್ರವೇಶದ ಕ್ರಮವನ್ನೂ ಆ ಸಂಸ್ಥೆಗಳೇ ನಿರ್ಧರಿಸುತ್ತವೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ನಮಗಿರುವ ಸೀಟು ಹಂಚಿಕೆಯನ್ನು ಅಲ್ಲಿ ಕೇಳುವಂತಿಲ್ಲ. ಕಲ್ಯಾಣ ಕರ್ನಾಟಕದ ಸಾಮಾನ್ಯ ಕುಟುಂಬದ ವಿದ್ಯಾರ್ಥಿಗೆ ಸದ್ಯಕ್ಕೆ ಇದರಿಂದ ದೊಡ್ಡ ಪ್ರಯೋಜನ ನನಗೆ ಕಾಣುತ್ತಿಲ್ಲ.

ಹಾಗಾದರೆ ಇದೆಲ್ಲ ಶಿಕ್ಷಣದ ವ್ಯಾಪಾರವೇ?

ವ್ಯಾಪಾರದ ಮುಖವೂ ಇದೆ. ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ಒಪ್ಪಂದ 1995ರಲ್ಲಿ ಜಾರಿಗೆ ಬಂದಾಗಲೇ ಶಿಕ್ಷಣ ವ್ಯಾಪಾರದ ಸೇವೆಗಳ ಪಟ್ಟಿಗೆ ಸೇರಿತು. ಅದರ ಎದುರಿಗೇ ಇನ್ನೊಂದು ಪರಂಪರೆಯೂ ಇದೆ: ಯುನೆಸ್ಕೋ ಒಪ್ಪಂದಗಳು, 1959ರಿಂದ ಬಂದ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಆಫ್ರಿಕಾ ಮತ್ತು ಏಷ್ಯಾದ ವಿದ್ಯಾರ್ಥಿಗಳನ್ನು ಭಾರತವೇ ಕರೆಸಿಕೊಂಡು ಓದಿಸುವ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ಕೆಲಸ. ಎರಡನೆಯದು ಬಲವಾದಷ್ಟೂ ನಮ್ಮಂಥ ಭಾಗಕ್ಕೆ ಒಳ್ಳೆಯದು ಎಂಬುದು ನನ್ನ ಸ್ಪಷ್ಟ ನಿಲುವು.

ಖರ್ಚಿಗೆ ಏನು ದಾರಿ?

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ ವರ್ಷಕ್ಕೆ 125 ಸ್ಥಾನ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು, ವಯಸ್ಸು 35ರೊಳಗಿರಬೇಕು, ಶೇ 60 ಅಂಕ ಬೇಕು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ್ದು ಪ್ರತ್ಯೇಕ. ವಾಲ್ಮೀಕಿ ಸಮುದಾಯದ ವಿದ್ಯಾರ್ಥಿಗಳು ಹೆಚ್ಚಿರುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ಕೇಳಿದವರೇ ಕಡಿಮೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ.

ಎಲ್ಲರಿಗೂ ತೆರೆದಿರುವವುಗಳಲ್ಲಿ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ನನಗೆ ಅಚ್ಚುಮೆಚ್ಚು. ಒಂದರಿಂದ ಎರಡು ವರ್ಷದಲ್ಲಿ ಕನಿಷ್ಠ ಎರಡು ದೇಶಗಳ ಓದು, ತಿಂಗಳಿಗೆ 1,400 ಯೂರೊ ವಿದ್ಯಾರ್ಥಿವೇತನ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಒಂದು ವರ್ಷದ ಜೀವನ ನಿರ್ವಹಣೆಗೆಂದು ಖಾತೆಯಲ್ಲಿ ತೋರಿಸಬೇಕಾದ 11,904 ಯೂರೊ ಹೊಂದಿಸುವುದೇ ನಮ್ಮ ರೈತ ಕುಟುಂಬಗಳಿಗೆ ದೊಡ್ಡ ಸವಾಲು.

ಪಿಯುಸಿವರೆಗೆ ಕನ್ನಡ ಮಾಧ್ಯಮ. ಅರ್ಜಿ ತಿರಸ್ಕಾರವಾಗುತ್ತದೆಯೇ?

ಇಲ್ಲ. ಭಾಷಾ ಪರೀಕ್ಷೆಯಲ್ಲಿ ಬೇಕಾದ ಅಂಕ ಪಡೆದರೆ ನೀವು ಯಾವ ಮಾಧ್ಯಮದಲ್ಲಿ ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ಕನ್ನಡದಲ್ಲಿರುವ ದಾಖಲೆಗಳ ಇಂಗ್ಲಿಷ್ ಅನುವಾದವನ್ನು ನೋಟರಿಯಿಂದ ದೃಢೀಕರಿಸಿ ಇಟ್ಟುಕೊಳ್ಳಿ.

ಟ್ರಾನ್ಸ್‌ಕ್ರಿಪ್ಟ್ ಎಲ್ಲಿ ಪಡೆಯಬೇಕು? ಕಾಲೇಜಿನವರು ವಿಶ್ವವಿದ್ಯಾಲಯಕ್ಕೆ ಹೋಗಿ ಎನ್ನುತ್ತಾರೆ, ಆದರೆ ಯಾವ ವಿಶ್ವವಿದ್ಯಾಲಯ?

ಟ್ರಾನ್ಸ್‌ಕ್ರಿಪ್ಟ್ ಎಂದರೆ ಎಲ್ಲ ಸೆಮಿಸ್ಟರ್‌ಗಳ ವಿಷಯ, ಅಂಕಗಳನ್ನು ಒಟ್ಟುಗೂಡಿಸಿದ ಅಧಿಕೃತ ದಾಖಲೆ. ನಿಮ್ಮ ಘಟಿಕೋತ್ಸವ ಪ್ರಮಾಣಪತ್ರದ ಮೇಲೆ ಯಾರ ಹೆಸರಿದೆಯೋ ಅವರೇ ಅದನ್ನು ಕೊಡಬೇಕು. ನಮ್ಮ ಭಾಗದಲ್ಲಿ ಇದು ಗೋಜಲಾಗಿದೆ. ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾಗುವ ಮುನ್ನ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದವು. ಆಗಿನ ಪದವೀಧರರು ಕಲಬುರಗಿಗೇ ಹೋಗಬೇಕು. ಕೊಪ್ಪಳದ ಕಾಲೇಜುಗಳು ಮೊದಲು ಗುಲಬರ್ಗಾ, ನಂತರ ಬಳ್ಳಾರಿ, ಈಗ ಕೊಪ್ಪಳ ವಿಶ್ವವಿದ್ಯಾಲಯ. ರಾಯಚೂರಿನವು ಗುಲಬರ್ಗಾದಿಂದ ರಾಯಚೂರು ವಿಶ್ವವಿದ್ಯಾಲಯಕ್ಕೆ ಬಂದವು. ಅದಕ್ಕೀಗ ಮಹರ್ಷಿ ವಾಲ್ಮೀಕಿಯವರ ಹೆಸರಿದೆ. ಎಂಜಿನಿಯರಿಂಗ್ ಓದಿದವರಿಗೆ ಬೆಳಗಾವಿಯ ವಿಟಿಯು.

ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಅರ್ಜಿ ಕೊಡುವಾಗ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಯ ಪ್ರತಿ ಜೊತೆಗಿರಲಿ. ಒಂದೇ ಪ್ರತಿ ಕೇಳಬೇಡಿ, ಹಲವು ಪ್ರತಿ ಪಡೆಯಿರಿ. ಅಮೆರಿಕ, ಕೆನಡಾದ ಮೌಲ್ಯಮಾಪನ ಸಂಸ್ಥೆಗಳು ವಿಶ್ವವಿದ್ಯಾಲಯವೇ ಮುಚ್ಚಿದ ಲಕೋಟೆ ಕೇಳುತ್ತವೆ: ಅಂಟಿಸಿದ ಅಂಚಿನ ಮೇಲೆ ಅರ್ಧ ಮುದ್ರೆ ಲಕೋಟೆಯ ಮೇಲೂ ಅರ್ಧ ಮುಚ್ಚಳದ ಮೇಲೂ ಬೀಳುವಂತೆ ಒತ್ತಿ, ಅದರ ಮೇಲೆ ಅಧಿಕಾರಿ ಸಹಿ ಮಾಡಿರಬೇಕು. ಮನೆಯಲ್ಲಿ ಕುತೂಹಲಕ್ಕೆ ತೆರೆದು ನೋಡಿದರೆ ಅದು ಕೆಟ್ಟಂತೆಯೇ.

ಇನ್ನೊಂದು ಪಠ್ಯಕ್ರಮದ ಪ್ರತಿ. ಯುರೋಪಿನವರು ಪ್ರತಿ ಪತ್ರಿಕೆಯ ಘಟಕವಾರು ವಿವರ ಕೇಳುತ್ತಾರೆ. ಓದಿದ ವರ್ಷದ ಪಠ್ಯಕ್ರಮವೇ ಬೇಕು. ಅದು ಜಾಲತಾಣದಲ್ಲಿ ಸಿಗದೆ, ವಿಭಾಗದ ಹಳೆಯ ಕಪಾಟಿನಲ್ಲಿ ಹುಡುಕಿ, ಪುಟ ಪುಟಕ್ಕೂ ಮುದ್ರೆ ಹಾಕಿಸಿಕೊಂಡು ಓಡಾಡಿದ ವಿದ್ಯಾರ್ಥಿನಿಯೊಬ್ಬಳು ಅರ್ಜಿಯ ಕೊನೆಯ ದಿನ ತಪ್ಪಿಸಿಕೊಂಡಳು. ಅವಳ ಅಂಕ, ಅರ್ಹತೆ ಎಲ್ಲವೂ ಸರಿಯಾಗಿದ್ದವು. ಪ್ರತಿ ವರ್ಷದ ಪಠ್ಯಕ್ರಮವನ್ನು ಇಂಗ್ಲಿಷಿನಲ್ಲಿ ಜಾಲತಾಣದಲ್ಲಿ ಶಾಶ್ವತವಾಗಿ ಇಡುವುದು, ಟ್ರಾನ್ಸ್‌ಕ್ರಿಪ್ಟನ್ನು ನಿಗದಿತ ದಿನಗಳೊಳಗೆ ಕೊಡುವುದು, ಈ ಎರಡನ್ನು ಮಾಡದ ವಿಶ್ವವಿದ್ಯಾಲಯ ಹತ್ತು ದೇಶಗಳ ಜೊತೆ ಸಹಿ ಹಾಕಿದರೂ ಫಲವಿಲ್ಲ.

ಹೊಸ ವಿಶ್ವವಿದ್ಯಾಲಯ ಮುಚ್ಚಿದರೆ ಅಥವಾ ವಿಲೀನವಾದರೆ ನಮ್ಮ ಪದವಿಯ ಗತಿ?

ರಾಜ್ಯದ ಹೊಸ ವಿಶ್ವವಿದ್ಯಾಲಯಗಳ ವಿಲೀನದ ಮಾತು 2025ರಲ್ಲಿ ಕೇಳಿಬಂದಾಗ ಕೊಪ್ಪಳದ ಮಕ್ಕಳು ಗಾಬರಿಯಾಗಿದ್ದು ಸಹಜ. ಕಾನೂನುಬದ್ಧವಾಗಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಕೊಟ್ಟ ಪದವಿ, ಆ ವಿಶ್ವವಿದ್ಯಾಲಯದ ಸ್ವರೂಪ ಮುಂದೆ ಬದಲಾದರೂ ಅಸಿಂಧುವಾಗುವುದಿಲ್ಲ. ದಾಖಲೆಗಳ ಬಗ್ಗೆ ಮಾತ್ರ ಎಚ್ಚರ ಬೇಕು: ಪದವಿ ಬಂದ ಕೂಡಲೇ ಟ್ರಾನ್ಸ್‌ಕ್ರಿಪ್ಟ್ ತೆಗೆದಿಟ್ಟುಕೊಳ್ಳಿ, ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಬಂದಿದೆಯೇ ನೋಡಿ.

ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು. ತೊಂದರೆಯೇ?

ತೊಂದರೆಯೇ. ಗಾದಿಲಿಂಗಪ್ಪ, ಹುಲಿಗೆಮ್ಮ, ಶರಣಬಸವ ಎಂದು ಒಂದೇ ಹೆಸರಿಟ್ಟು, ಮುಂದೆ ತಂದೆಯ ಹೆಸರಿನ ಅಕ್ಷರವನ್ನೋ ಊರಿನ ಅಕ್ಷರವನ್ನೋ ಸೇರಿಸುವುದು ನಮ್ಮ ರೂಢಿ. ಹೊರದೇಶದ ಅರ್ಜಿ ನಮೂನೆ ಕೊನೆಯ ಹೆಸರು ಕೇಳುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗಲೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಹೆಸರು ಹೊಂದಿಸಿ. ಈಗಾಗಲೇ ಬೇರೆಯಾಗಿದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿ.

ಅಪೋಸ್ಟಿಲ್ ಎಲ್ಲರಿಗೂ ಬೇಕೇ?

ಕೇಳಿದವರಿಗೆ ಮಾತ್ರ. ದಾಖಲೆ ಅಸಲಿ ಎಂದು ಹೊರದೇಶದವರಿಗೆ ತಿಳಿಸುವ ಸರ್ಕಾರದ ಮುದ್ರೆಯೇ ಅಪೋಸ್ಟಿಲ್. 1961ರ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಸದಸ್ಯ ದೇಶಗಳಿಗೆ ಹೋಗುವ ಪ್ರಮಾಣಪತ್ರವನ್ನು ರಾಜ್ಯದಲ್ಲಿ ದೃಢೀಕರಿಸಿದ ಮೇಲೆ ವಿದೇಶಾಂಗ ಸಚಿವಾಲಯ ಅಪೋಸ್ಟಿಲ್ ಮುದ್ರೆ ಹಾಕುತ್ತದೆ. ಸದಸ್ಯರಲ್ಲದ ದೇಶಕ್ಕೆ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಜರ್ಮನಿಗೆ ಹೋಗುವವರಿಗೆ ಬೇರೆಯದೇ ವ್ಯವಸ್ಥೆ: 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳು ವೀಸಾಕ್ಕೆ ಮುನ್ನ ಎಪಿಎಸ್ ಎಂಬ ಪರಿಶೀಲನಾ ಪ್ರಮಾಣಪತ್ರ ಪಡೆಯಬೇಕು.

ಮುಂದಿನ ವರ್ಷ ಹೊರಡುವವರು ಈಗ ಏನು ಮಾಡಬೇಕು?

ಮೊದಲು ಪಾಸ್‌ಪೋರ್ಟ್, ಹೆಸರಿನ ಹೊಂದಾಣಿಕೆ. ಐದನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ದೇಶ, ವಿಷಯ ಗೊತ್ತಾಗಿರಲಿ. ಆ ಕೋರ್ಸಿನ ಅರ್ಹತೆಯ ಪುಟವನ್ನು ಮುದ್ರಿಸಿಕೊಂಡು ನಿಮ್ಮ ಅಧ್ಯಾಪಕರ ಜೊತೆ ಕುಳಿತು ಒಂದೊಂದೇ ಸಾಲು ನೋಡಿ. ಭಾಷಾ ಪರೀಕ್ಷೆಯನ್ನು ಅರ್ಜಿಗಿಂತ ಕೆಲವು ತಿಂಗಳು ಮುಂಚೆ ಬರೆಯಿರಿ, ಮತ್ತೊಮ್ಮೆ ಬರೆಯಲು ಸಮಯ ಉಳಿಯುತ್ತದೆ. ವಿದ್ಯಾರ್ಥಿವೇತನದ ಅರ್ಜಿಗಳು ಪ್ರವೇಶದ ಅರ್ಜಿಗಿಂತ ಮೊದಲೇ ಮುಗಿದುಹೋಗುವುದು ಸಾಮಾನ್ಯ, ಆ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ. ಶಿಫಾರಸು ಪತ್ರ ಕೊಡುವ ಅಧ್ಯಾಪಕರಿಗೆ ಕನಿಷ್ಠ ಮೂರು ವಾರ ಮುಂಚೆ ಹೇಳಿ. ಅವರ ವಿಶ್ವವಿದ್ಯಾಲಯದ ಅಥವಾ ಕಾಲೇಜಿನ ಅಧಿಕೃತ ಇಮೇಲ್ ವಿಳಾಸದಿಂದಲೇ ಪತ್ರ ಹೋಗಬೇಕೆಂದು ಅನೇಕ ಕಡೆ ಕೇಳುತ್ತಾರೆ. ಅಂಥ ವಿಳಾಸ ಇಲ್ಲದ ಕಾಲೇಜಾದರೆ ಪ್ರಾಂಶುಪಾಲರ ಬಳಿ ಇಂದೇ ಕೇಳಿ ಮಾಡಿಸಿ.